ಮಾದಯ್ಯನ ಆರು ಹಾಡು, ಕೆಂಪಮ್ಮನ ಸೊಲ್ಲು

ಮಳವಳ್ಳಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಒಡತಿ ಕೆಂಪಮ್ಮ ನನ್ನ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ, ಹೆಂಡತಿ ಯಾಕೆ ಜೊತೆಯಲ್ಲಿಲ್ಲ ಎಂದೂ ಕೇಳಲಿಲ್ಲ. ನಮ್ಮ ಧಾರವಾಡದಲ್ಲಿ ಇಷ್ಟು ನಿರ್ಲಕ್ಷ್ಯಕ್ಕೆ ಒಳಗಾದವನು ಅವಮಾನವೆಂದು ಬಗೆದು ಎದ್ದು ಬರುತ್ತಾನೆ. ನನ್ನ ಟ್ರಂಕಿನ ಪಕ್ಕದ ಗ್ರಾಮಫೋನಿನ ಕಡೆ ಬೆರಳು ತೋರಿಸಿ ಅವಳು ಕೇಳಿದ್ದು ಒಂದೇ: "ಅದು ಆಡೋ ಪೆಟ್ಗೆ ಅಲ್ವಾ ಸೋಮಿ? ನಮ್ಮೆಜಮಾನ್ರು ಮೂರು ಪ್ಲೇಟ್ನಾಗವ್ರೆ. ಒಂದ್ಸಲ ಕರೀಬೇಕು."

ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು.

ನಾಲೆಯ ಕಚೇರಿಯಲ್ಲಿ ನಕ್ಷೆ ಬರೆಯಲು ಬಂದವನು ನಾನು. ಈ ಸೀಮೆ ನನಗೆ ಕಲಿಸಬೇಕಾದದ್ದು ಬಹಳವಿತ್ತು. ನಮ್ಮ ರೊಟ್ಟಿಯನ್ನು ಹಲ್ಲಿನಿಂದ ಗೆಲ್ಲಬೇಕು. ಇಲ್ಲಿನ ಮುದ್ದೆಗೆ ಹಲ್ಲು ತಾಗಿಸಿದರೆ ಅಪಚಾರ. ನಾವು 'ರೀ' ಹಚ್ಚಿ ಬೈಯುತ್ತೇವೆ. ಇವರು 'ಲಾ' ಹಚ್ಚಿ ಮುದ್ದು ಮಾಡುತ್ತಾರೆ. ನಾನು "ಹೌದ್ರೀ" ಎಂದರೆ ಕಚೇರಿಯ ಜವಾನ, "ಯಾಕ್ ಸೋಮಿ ಬೆದರಿಸ್ತೀರಿ?" ಎನ್ನುತ್ತಿದ್ದ. ಮಾತಿನ ಮೊದಲ ಹಕಾರವನ್ನು ಇವರು ಚಪ್ಪಲಿಯಂತೆ ಬಾಗಿಲಲ್ಲೇ ಬಿಡುತ್ತಾರೆ. ನಾನು ಮೆಟ್ಟಿಕೊಂಡೇ ಒಳಗೆ ಬರುತ್ತಿದ್ದೆ.

ಕೆಂಪಮ್ಮನ ಗಂಡ ಮಾದಯ್ಯ ಮದ್ದೂರು ಕಡೆ ಕಬ್ಬಿನ ಗಾಡಿ ಹೊಡೆದು, ಬಿಡುವಾದಾಗ ತಂಬೂರಿ ಮೀಟಿ, ತಾನೇ ಕಟ್ಟಿದ ಹಾಡು ಹಾಡುತ್ತಿದ್ದನಂತೆ. ದೇವರ ಹಾಡಲ್ಲ, ಸತ್ತ ಎತ್ತು, ತಪ್ಪಿದ ದಾರಿ, ಇಂಥವು. ಇಲ್ಲಿಯ ರೂಢಿಯಲ್ಲಿ ಹಾಡುವವನು ಒಂದು ಸಾಲು ಹೇಳಿ ನಿಲ್ಲಬೇಕು, ಜೊತೆಯವರು ಪಲ್ಲವಿ ಎತ್ತಿ ಉತ್ತರ ಕೊಡಬೇಕು. ಅದಕ್ಕೆ 'ಸೊಲ್ಲು' ಎನ್ನುತ್ತಾರೆ. ಅವನಿಗೆ ಸೊಲ್ಲು ಕೊಡುತ್ತಿದ್ದವಳು ಕೆಂಪಮ್ಮ. ಬೆಂಗಳೂರಿನಲ್ಲಿ ಪ್ಲೇಟು ಮಾಡುವವರು ಒಂದು ಗಂಟಲು ಸಾಕೆಂದು ಇವಳನ್ನು ಹೊರಗೆ ಕೂರಿಸಿದರು. ಅವನು ಅಭ್ಯಾಸಬಲದಿಂದ ಮೂರು ಪ್ಲೇಟಿನ ಎರಡೂ ಮಗ್ಗುಲು ಸೇರಿ ಆರು ಹಾಡಿನ ಪ್ರತಿ ಸಾಲಿಗೂ ನಿಂತ. ಆ ಮೌನವೂ ಅಚ್ಚಾಯಿತು.

"ಸೊಲ್ಲು ಬೀಳ್ದೆ ಓದ್ರೆ ಆಡ್ದೋನು ಅಲ್ಲೇ ನಿಂತ್ಕತ್ತಾನೆ," ಎಂದಳು ಕೆಂಪಮ್ಮ. "ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ನಾನೇ ಕೊಟ್ಟು ಕಳಿಸ್ಬೇಕು ಕಣ್ ಸೋಮಿ."

ಯುದ್ಧದ ದೆಸೆಯಿಂದ ಗ್ರಾಮಫೋನಿನ ಮುಳ್ಳು ಪೇಟೆಯಲ್ಲಿರಲಿಲ್ಲ. ಜಾಲಿ ಮುಳ್ಳು ಹೆರೆದು ಹಾಕಿದೆ, ಹಾಡಿತು. ವಿಜ್ಞಾನಕ್ಕೆ ನನ್ನ ಏಕೈಕ ಕಾಣಿಕೆ. ವಾರಕ್ಕೊಂದು ಹಾಡಿನಂತೆ ಐದು ಭಾನುವಾರದ ಮಧ್ಯಾಹ್ನ ಮಾದಯ್ಯ ಸಾಲು ಹೇಳಿ ನಿಂತ. ಮುಳ್ಳಿನ ಕರಕರದೊಳಗೆ ಇವಳು, "ಓಗು ನನ್ ದೊರೆ, ಇಂದೆ ಬತ್ತೀನಿ" ಎಂದು, ಹಿಂದೆಯೇ ಬರುವ ಮಾತು ಕೊಟ್ಟು, ಎತ್ತಿದಳು. ಕೇಳಿಸಿಕೊಂಡವನಂತೆ ಅವನು ಮುಂದಿನ ಸಾಲಿಗೆ ಹೋಗುತ್ತಿದ್ದ.

ಆರನೆಯ ಭಾನುವಾರ ಬಂದು ಕುಳಿತಳು, ಬಾಯಿ ಬಿಡಲಿಲ್ಲ. ಮಾದಯ್ಯ ನಿಂತ. ಕರಕರ. ಮತ್ತೆ ಹಾಡಿದ, ಮತ್ತೆ ನಿಂತ. ದುಃಖದಲ್ಲಿ ಸೊಲ್ಲು ಮರೆತಳೆಂದು ನಾನು ತಿಳಿದೆ. ಕೊನೆಯ ಸಾಲಿಗೂ ಅವನು ನಿಂತಾಗ ತಡೆಯಲಾಗಲಿಲ್ಲ. "ಓಗು ನನ್ ದೊರೆ, ಇಂದೆ ಬತ್ತೀನಿ!" ಎಂದುಬಿಟ್ಟೆ. ಹಕಾರವಿಲ್ಲದೆ, ಅಚ್ಚುಕಟ್ಟಾಗಿ. ಪ್ಲೇಟು ಮುಗಿಯಿತು.

ಕೆಂಪಮ್ಮ ನನ್ನನ್ನೇ ನೋಡಿದಳು. "ಅದೊಂದ್ನ ಇಟ್ಕಂಡಿದ್ದೆ ಸೋಮಿ. ಐದು ಕೊಟ್ರೆ ಅವ್ರಿಗೆ ನೆಮ್ಮದಿ, ಒಂದಿಟ್ಕಂಡ್ರೆ ನಂಗೆ ಜೊತೆ ಅಂತ."

"ನನಗ ಗೊತ್ತಿರ್ಲಿಲ್ರೀ," ಎಂದೆ.

"ನಮ್ಮೋರಂಗೇ ಅಂದ್ಬುಟ್ರಿ. ಅದ್ಕೇ ಓಗ್ಬುಟ್ರು." ಎದ್ದು ಸೆರಗು ಕೊಡವಿ ಒಳಗೆ ಹೋದಳು.

ಅಂದಿನಿಂದ ಅವಳು ಪ್ಲೇಟು ಕೇಳಿಲ್ಲ. ನಾನೊಬ್ಬನೇ ಹಾಕಿದ್ದುಂಟು. ಅವನು ನಿಲ್ಲುವ ಜಾಗದಲ್ಲಿ ಈಗ ಯಾರೂ ಕಾಯುತ್ತಿಲ್ಲ, ಕರಕರ ಅಷ್ಟೆ. ನನ್ನ ಊಟಕ್ಕೆ ಅವಳ ಸಾರು ಮಾತ್ರ ಇಂದಿಗೂ ಗೋಡೆಯಾಚೆಯಿಂದ ತಪ್ಪದೆ ಬರುತ್ತದೆ.

ಅಣ್ಣಾ, ಊರಿಗೆ ಯಾವಾಗ ಎಂದು ನೀವು ಪ್ರತಿ ಕಾಗದದಲ್ಲೂ ಕೇಳುತ್ತೀರಿ. ಧಾರವಾಡದಲ್ಲಿ ನನಗೆ ಕೆಲಸವೂ ನಿಕ್ಕಿಯಾಗಿದೆ. ಆದರೆ ಈ ಮನೆಯಿಂದ ಒಬ್ಬನನ್ನು ನಾನೇ ಕಳಿಸಿಯಾಗಿದೆ. ನಾನೂ ಹೊರಟೆನೆಂದು ಅವಳಿಗೆ ಯಾವ ಬಾಯಿಂದ ಹೇಳಲಿ?