ಯಜಮಾನರ ಬೇಸ್ ಗಿಟಾರಿನಿಂದ ನಾನು ಎಳೆದ ಕೂದಲು

ಕೂದಲು ಅಂದುಕೊಂಡು ಎಳೆದೆ. ಬಂತು. ಇನ್ನೂ ಎಳೆದೆ... ಇನ್ನೂ ಬಂತು.

ಕಳೆದ ಆಯುಧಪೂಜೆಗೆ ಎರಡು ದಿನ ಮುಂಚಿನ ಮಾತು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕೆಳಗೆ ನಾಲ್ಕು ಪವರ್‌ಲೂಮ್, ಮೇಲೆ ನಾವು. ಮಗ್ಗ ಒರೆಸಿ, ಸ್ಕೂಟರ್ ತೊಳೆದು, ಕೊನೆಗೆ ಯಜಮಾನರ ಹಳೇ ಬೇಸ್ ಗಿಟಾರ್ ಹಿಡಿದು ಕೂತೆ. ಅವರು ಹೊಸ ಬೇಸ್ ಹಿಡಿದು ಆರ್ಕೆಸ್ಟ್ರಾ ಜೊತೆ ಶಿವಗಂಗೆ ಕಡೆ ಪ್ರೋಗ್ರಾಂಗೆ ಹೋಗಿದ್ದರು.

ಆ ಗಿಟಾರ್ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಮನೆಯಲ್ಲಿ ಮರ್ಯಾದೆಯೂ ನನಗಿಂತ ಅದಕ್ಕೇ ಜಾಸ್ತಿ.

ತಂತಿಗಳ ಕೆಳಗೆ ಒಂದು ಕಪ್ಪು ಡಬ್ಬಿ ಇರುತ್ತದೆ, ಪಿಕಪ್ ಅಂತ. ತಂತಿ ಅದುರಿದ್ದನ್ನು ಹಿಡಿದು ಸ್ಪೀಕರ್‌ಗೆ ಕಳಿಸುವುದು ಅದರ ಕೆಲಸ. ಧೂಳು ತುಂಬಿದೆ ಅಂತ ತಂತಿ ಸಡಿಲಿಸಿ ಮುಚ್ಚಳ ಬಿಚ್ಚಿದೆ. ಅಂಚಿನಲ್ಲಿ ಕೆಂಚು ಕೂದಲೊಂದು ಸಿಕ್ಕಿಕೊಂಡಿತ್ತು.

ನಾನು ನೇಯ್ಗೆಯವರ ಮನೆಯಲ್ಲಿ ಹುಟ್ಟಿದವಳು. ಎಳೆ ಸಿಕ್ಕರೆ ಕೈ ಸುಮ್ಮನಿರುವುದಿಲ್ಲ. ಎಳೆದದ್ದನ್ನೆಲ್ಲ ಖಾಲಿ ಕಂಡಿಕೆಗೆ, ಅಂದರೆ ಲಾಳಿಯೊಳಗೆ ನೂಲು ಸುತ್ತಿಡುವ ಕಡ್ಡಿಗೆ, ನೀಟಾಗಿ ಸುತ್ತುತ್ತಾ ಹೋದೆ. ತುಂಡಾದಲ್ಲೆಲ್ಲ ಗಂಟು ಹಾಕಿದೆ!

ಅರ್ಧ ಕಂಡಿಕೆ ತುಂಬಿದ ಮೇಲೆ ತಲೆಗೆ ಹೊಳೆಯಿತು... ಇಷ್ಟುದ್ದ ಕೂದಲು ಯಾರಿಗಿರುತ್ತಪ್ಪಾ?

ಅದು ಪಿಕಪ್ಪಿನೊಳಗೆ ಸುತ್ತಿದ್ದ ತಾಮ್ರದ ವೈರು.

ತಂತಿ ಮತ್ತೆ ಬಿಗಿದು ಆಂಪ್‌ಗೆ, ಅಂದರೆ ಸ್ಪೀಕರ್ ಡಬ್ಬಿಗೆ, ಸಿಕ್ಕಿಸಿ ಮೀಟಿದೆ. ಸದ್ದೇ ಇಲ್ಲ. ಗೊತ್ತಾದರೆ ಯಜಮಾನರು ಬೈಯುವುದಿಲ್ಲ, ಅಳುತ್ತಾರೆ. ಅದನ್ನು ನೋಡುವುದು ನನ್ನಿಂದಾಗದು.

ಉಳಿದ ವೈರನ್ನೂ ಬಿಚ್ಚಿ ಅದೇ ಕಂಡಿಕೆಗೆ ಸುತ್ತಿಟ್ಟು, ಖಾಲಿ ಪಿಕಪ್ ಸೆರಗಿನಲ್ಲಿ ಮುಚ್ಚಿಕೊಂಡು ಮೋಟಾರ್ ರಿವೈಂಡಿಂಗ್ ಅಂಗಡಿಯ ರಫೀಕ್ ಭಾಯ್ ಹತ್ತಿರ ಓಡಿದೆ. ನಮ್ಮ ಮಗ್ಗದ ಮೋಟಾರುಗಳಿಗೆಲ್ಲ ಅವರೇ ಡಾಕ್ಟರು. ಗಂಟು ಹಾಕಿದ ವೈರಿನಲ್ಲಿ ಕರೆಂಟ್ ಹರಿಯಲ್ಲ ಅಂದು, ಹಳೇ ರೇಡಿಯೋದಿಂದ ಬಿಚ್ಚಿದ್ದು ಅಂತ ಕೂದಲಿನಷ್ಟು ಸಣ್ಣ ವೈರ್ ಹುಡುಕಿ ತೆಗೆದರು. ಸುತ್ತಲು ಹೋದರೆ ಪಟಪಟ ತುಂಡು.

"ಅಕ್ಕಾ, ಬೋರ್‌ವೆಲ್ ಮೋಟ್ರು ಕೊಡಿ, ಕಣ್ಮುಚ್ಕೊಂಡು ಸುತ್ಕೊಡ್ತೀನಿ. ಇದು ನನ್ ಕೈಗೆ ಬಗ್ಗಲ್ಲ. ರೇಷ್ಮೆ ಹಿಡ್ದಿರೋ ಕೈನೇ ಬೇಕು."

ಸರಿ, ಮನೆಗೆ ಬಂದು ಕಂಡಿಕೆ ಸುತ್ತುವ ಮೆಷಿನ್ನಿಗೆ ಪಿಕಪ್ ಕಟ್ಟಿ ನಾನೇ ಸುತ್ತಿದೆ. ಮೊದಲು ಎಷ್ಟು ದಪ್ಪ ಇತ್ತೋ ಅಷ್ಟಾಗುವವರೆಗೆ. ಬಿಚ್ಚಿಕೊಳ್ಳದಿರಲಿ ಅಂತ ಮೇಲೆ ನೇರಳೆ ರೇಷ್ಮೆ ನೂಲು ಬಿಗಿದೆ. ರಫೀಕ್ ಭಾಯ್ ಬಂದು ಬೆಸುಗೆ ಹಾಕಿಕೊಟ್ಟರು. ಸದ್ದು ಬಂತು! ನನ್ನ ಕಣ್ಣಲ್ಲಿ ನೀರೂ ಬಂತು.

ಯಜಮಾನರು ಬಂದರು, ಪೂಜೆ ಆಯಿತು, ಗಿಟಾರ್ ಎತ್ತಿಕೊಂಡು ಮೀಟಿದರು. ನಾನು ಅಡುಗೆಮನೆ ಬಾಗಿಲಿನಿಂದ ಇಣುಕುತ್ತಿದ್ದೆ.

"ಆಹಾ... ಹಳೇದು ಅಂದ್ರೆ ಹಳೇದೇ ಕಣೇ ಪದ್ಮಾ."

ಅವತ್ತಿನಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮನೆಗೆ ಯಾರೇ ಬರಲಿ, ಕೂರಿಸಿ ಮೊದಲು ಅವರ ಹೊಸ ಬೇಸ್ ನುಡಿಸುವುದು, ಆಮೇಲೆ ಹಳೇದು. "ವ್ಯತ್ಯಾಸ ಗೊತ್ತಾಯ್ತಾ? ಆ ಕಾಲದ ವೈಂಡಿಂಗು!" ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನೂ ಪೂರ್ತಿ ಕೇಳಿ ತಲೆಯಾಡಿಸಿ ಹೋದ.

ಹೋದ ತಿಂಗಳು ಇದಕ್ಕಿಂತಲೂ ಹಳೇ ಬೇಸ್ ಒಂದರ ಮೇಲೆ ಅವರ ಕಣ್ಣು ಬಿತ್ತು. ಅದು ಬರಬೇಕಾದರೆ ಇದು ಹೋಗಬೇಕು. "ಎಲ್ಲಾ ಒರಿಜಿನಲ್" ಅಂತ ಆನ್‌ಲೈನ್ ಹಾಕಿದರು. ಬೆಂಗಳೂರಿನಿಂದ ಹಿರಿಯರೊಬ್ಬರು ಭೂತಗನ್ನಡಿ ಸಮೇತ ಬಂದೇಬಿಟ್ಟರು.

ಮಗ್ಗದ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ನಾಲ್ಕೂ ಮಗ್ಗ ನಿಂತವು. ನೇಯುವವರು ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಯಜಮಾನರು ನುಡಿಸುತ್ತಿದ್ದಾರೆ, ಹಿರಿಯರು ಕಣ್ಣು ಮುಚ್ಚಿ ಕೇಳುತ್ತಿದ್ದಾರೆ, ತಲೆದೂಗುತ್ತಿದ್ದಾರೆ...

"ಇಂಥಾ ಕೈಗಳು ಈಗಿಲ್ಲ ಸಾರ್. ಇದನ್ನ ಸುತ್ತಿದ ಪುಣ್ಯಾತ್ಮ ಬದುಕಿದ್ದಾನೋ ಇಲ್ವೋ."

ನಾನು ಕಾಫಿ ಹಿಡಿದು ಎದುರಿಗೇ ನಿಂತಿದ್ದೇನೆ. ಸುಮ್ಮನಿದ್ದರೆ ಪಾಪ, ಆ ಮನುಷ್ಯ ಮೋಸ ಹೋಗುತ್ತಾರೆ. ಬಾಯಿ ಬಿಟ್ಟರೆ ನನ್ನ ಗಂಡನ ಕಿವಿಯ ಮಾನ ಎಲ್ಲರ ಮುಂದೆ ಹೋಗುತ್ತದೆ.

"ಬದುಕಿದ್ದೀನಿ ಸಾರ್," ಅಂದೆ. "ಸಕ್ಕರೆ ಸಾಕಾ?"

ಎಲ್ಲ ಹೇಳಿಬಿಟ್ಟೆ. ಯಾರೂ ನಂಬಲಿಲ್ಲ. ಮುಚ್ಚಳ ಬಿಚ್ಚಿದರೆ ನೇರಳೆ ರೇಷ್ಮೆ! ಮೆಟ್ಟಿಲ ಮೇಲಿಂದ ನೇಯುವವನೊಬ್ಬ ಇಣುಕಿದ. "ಅಕ್ಕಾ, ಇದು ದೀಪಾವಳಿ ಆರ್ಡರ್ ಸೀರೆ ಕಲರ್ ಅಲ್ವಾ?"

ಯಜಮಾನರು ನೆಲ ನೋಡುತ್ತಾ ಕೂತರು.

ಹಿರಿಯರು ಮಾತ್ರ ಮೆಲ್ಲಗೆ ಕೇಳಿದರು, "ಹಳೇ ವೈರ್ ಎಲ್ಲಮ್ಮಾ?" ಬೀರುವಿನಲ್ಲಿ ಸೀರೆಗಳ ಹಿಂದೆ ಬಚ್ಚಿಟ್ಟಿದ್ದ ಕಂಡಿಕೆ ತಂದುಕೊಟ್ಟೆ. ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು!

ಗಿಟಾರ್ ಬೇಡವಂತೆ. ಆ ವೈರ್ ಸಾಕಂತೆ. ದುಡ್ಡು ಬೇಡ ಅಂದರೂ ಕೇಳದೆ ಕೈಗಿಟ್ಟರು. ನನ್ನ ಗಂಟುಗಳ ಸಮೇತ ಕಂಡಿಕೆಯನ್ನು ಕರ್ಚೀಫಿನಲ್ಲಿ ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿಟ್ಟು, ಅದಕ್ಕೆ ಸೀಟ್ ಬೆಲ್ಟ್ ಹಾಕಿ ಹೊರಟುಹೋದರು.

ನಾಲ್ಕು ದಿನ ಯಜಮಾನರು ನನ್ನ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಿದ್ದರು. ಎರಡೂ ಗಿಟಾರ್ ಮೂಲೆಯಲ್ಲೇ ಇದ್ದವು, ಮುಟ್ಟಲಿಲ್ಲ. ನನಗೆ ತಡೆಯಲಾರದಷ್ಟು ಸಂಕಟ. ಅವತ್ತು ಕಾಫಿ ಇಟ್ಟು ಸುಮ್ಮನೆ ಒಳಗೆ ಹೋಗಬೇಕಿತ್ತು ಅನ್ನಿಸಿತು.

ಐದನೇ ದಿನ ಬೆಳಿಗ್ಗೆ ಕಂಡಿಕೆ ಸುತ್ತುತ್ತಾ ಕೂತಿದ್ದೆ. ಬಂದರು. ಕೈಯಲ್ಲಿ ಹೊಸ ಗಿಟಾರ್, ಪಿಕಪ್ಪಿನ ಮುಚ್ಚಳ ಆಗಲೇ ಬಿಚ್ಚಿದೆ. ನನ್ನ ಪಕ್ಕದಲ್ಲಿಟ್ಟು ಕಿಟಕಿ ಕಡೆ ನೋಡುತ್ತಾ ಕೇಳಿದರು.

"ಇದನ್ನೂ ಒಂಚೂರು ಹಳೇದು ಮಾಡ್ಕೊಡ್ತೀಯಾ?"

ಸೀರೆ ಆರ್ಡರ್ ಪಕ್ಕಕ್ಕಿಟ್ಟು ಅದನ್ನೇ ಸುತ್ತುತ್ತಾ ಇದ್ದೇನೆ... ಈ ಸಲ ಮೇಲೆ ಯಾವ ಬಣ್ಣದ ರೇಷ್ಮೆ ಕಟ್ಟಲಿ, ಹೇಳಿ?