ಹೊರಗೆ ಬಂದವಳನ್ನು ಒಳಗೆ ಕಳಿಸಿದೆ

ಮೂರು ವರ್ಷದ ಹಿಂದಿನ ಮಳೆಗಾಲ. ಕಡಲಲ್ಲಿ ಮೀನು ಹಿಡಿಯಲು ನಿಷೇಧವಿದ್ದ ತಿಂಗಳುಗಳಲ್ಲಿ ನಾನು ಮಂಗಳೂರಿನಲ್ಲಿ ನೆರೆ ರಕ್ಷಣೆಯ ರಬ್ಬರ್ ದೋಣಿ ನಡೆಸುವ ದಿನಗೂಲಿ ಕೆಲಸಕ್ಕೆ ಸೇರಿದ್ದೆ. ಓದಿದ್ದು ಏಳನೆಯ ತರಗತಿ. ತರಬೇತಿಯ ಒಂದು ನಿಯಮ ಮಾತ್ರ ಇವತ್ತಿಗೂ ಕಿವಿಯಲ್ಲಿದೆ: ಮನೆಯಿಂದ ಹೊರಗೆ ಬಂದವರನ್ನು ಯಾವ ಕಾರಣಕ್ಕೂ ಮತ್ತೆ ಒಳಗೆ ಬಿಡಬಾರದು.

ಆ ಬೆಳಿಗ್ಗೆ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಚರಂಡಿ, ಉಕ್ಕಿತ್ತು. ಮೊದಲು ಒಂದು ಅಪಾರ್ಟ್‌ಮೆಂಟಿಗೆ ಕಳಿಸಿದರು. ಅಲ್ಲಿ ನೀರು ಕಾರು ನಿಲ್ಲಿಸುವಲ್ಲಿಗೆ ಮಾತ್ರ ಬಂದಿತ್ತು. ಆದರೆ ಯಾರಿಗೆ ಫೋನ್ ಮಾಡಬೇಕೆಂದು ಅಲ್ಲಿನವರಿಗೆ ಗೊತ್ತಿತ್ತು. ಅದರ ಹಿಂದೆ, ಕಾಲುವೆಗೆ ತಾಗಿದ ಬಾಡಿಗೆ ಕೋಣೆಗಳ ಸಾಲಿನಲ್ಲಿ ನನ್ನ ಅಕ್ಕ ಸುಮತಿ ಒಬ್ಬಳೇ ಇದ್ದಳು. ಹಂಪನಕಟ್ಟೆಯ ಆಚೀಚೆ ಬುಟ್ಟಿ ಹೊತ್ತು ಮೀನು ಮಾರುವವಳು.

ಅಪಾರ್ಟ್‌ಮೆಂಟಿನವರನ್ನು ಹತ್ತಿಸಿಕೊಂಡು ಅತ್ತ ತಿರುಗಿದೆ. ಅವರಲ್ಲೊಬ್ಬರು ಬರೀ ಚಡ್ಡಿಯಲ್ಲಿದ್ದರು. ಬನ್ನಿ ಸರ್ ಎಂದು ನಾನೇ ಕೈ ಹಿಡಿದು ಹತ್ತಿಸಿದ್ದೆ. ಅಕ್ಕ ಸೊಂಟದವರೆಗಿನ ನೀರಲ್ಲಿ ಬಾಗಿಲು ದಾಟಿ ಬಂದಳು. ನೈಟಿ ಮೈಗೆ ಅಂಟಿತ್ತು, ಎದೆ ಮುಚ್ಚಲು ಹೆಗಲ ಮೇಲೆ ಯಾವಾಗಲೂ ಹೊದೆಯುವ ಟವೆಲ್ ಇರಲಿಲ್ಲ. ಎದುರಿನ ಮಹಡಿಯಿಂದ ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ನನಗೆ ನಾಚಿಕೆಯಾಯಿತು.

“ಎಂತ ಅಕ್ಕ ಇದು? ಜನ ನೋಡ್ತಿದ್ದಾರೆ. ಒಂದು ಸೀರೆ ಸುತ್ತಿಕೊಂಡು ಬಾ.”

“ನೀರು ಏರ್ತಾ ಉಂಟು ಮಾರಾಯ,” ಎಂದಳು. ನನ್ನನ್ನು ಎತ್ತಿ ಬೆಳೆಸಿದವಳು, ಆದರೂ ನನ್ನ ಮಾತು ಕೇಳಿ ಒಳಗೆ ಹೋದಳು.

ಅಷ್ಟರಲ್ಲಿ ಕಾಲುವೆ ಕಡೆಯ ಗೋಡೆ ಕುಸಿಯಿತು. ನಾನು ಹಾರಿ ಒಳಗೆ ಹೋದಾಗ ಅರ್ಧ ಉಟ್ಟ ಸೀರೆ ಅಕ್ಕನ ಕಾಲಿಗೆ ಸುತ್ತಿಕೊಂಡಿತ್ತು, ಸೊಂಟದ ಮೇಲೆ ಕೆಂಪುಕಲ್ಲು ಬಿದ್ದಿತ್ತು. ಆ ಚಡ್ಡಿಯವರೇ ನೀರಿಗಿಳಿದು ಕಲ್ಲು ಸರಿಸಲು ನೆರವಾದರು. ಜೀವ ಉಳಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲ. ಬುಟ್ಟಿ ಹೊರುವುದು ಅಲ್ಲಿಗೆ ಮುಗಿಯಿತು.

ಕರಿಮಣಿ ತರಲು ತಾನೇ ಒಳಗೆ ಹೋಗಿದ್ದಾಗಿ ಆಸ್ಪತ್ರೆಯಲ್ಲಿ ಅಕ್ಕ ಎಲ್ಲರಿಗೂ ಹೇಳಿದಳು. ನೋಡಲು ಬಂದ ನನ್ನ ಜೊತೆಗಾರ ನಕ್ಕ: “ಈ ಹೆಂಗಸರಿಗೆ ಜೀವಕ್ಕಿಂತ ಬಂಗಾರ ದೊಡ್ಡದು ಮಾರಾಯ.” ಅಕ್ಕ ನನ್ನ ಮುಖ ನೋಡಲಿಲ್ಲ. ನಾನು ಸುಮ್ಮನಿದ್ದೆ. ಇಲ್ಲಿ ಬರೆಯುವವರೆಗೂ ಸುಮ್ಮನೇ ಇದ್ದೆ.

ಈಗಲೂ ಮಳೆಗಾಲದಲ್ಲಿ ದೋಣಿ ನಡೆಸುತ್ತೇನೆ. ಹಳೆಯ ಬೆಡ್‌ಶೀಟುಗಳನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಹೇಗಿದ್ದೀರೋ ಹಾಗೆಯೇ ಬನ್ನಿ ಎಂದು ದೂರದಿಂದಲೇ ಕೂಗುತ್ತೇನೆ. ನೀರು ಎಲ್ಲರ ಮನೆಗೂ ನುಗ್ಗುತ್ತದೆ, ಹೊರಗೆ ಬರಲು ಮಾತ್ರ ಕೆಲವರು ನಮ್ಮ ಒಪ್ಪಿಗೆ ಪಡೆಯಬೇಕಾಗುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಅಕ್ಕ ಈಗ ನನ್ನ ಮನೆಯಲ್ಲಿದ್ದಾಳೆ. ಸಂಜೆ ನನ್ನ ಚಪ್ಪಲಿಯ ಸದ್ದು ಕೇಳಿದರೆ ಗೋಡೆ ಹಿಡಿದು ಏಳುತ್ತಾಳೆ. ಮೊದಲು ಟವೆಲ್ ಹುಡುಕುತ್ತಾಳೆ.