ಪರದೆಯ ಹಿಂದೆ ಕೂತ ಹೆಂಗಸರು

ಅವತ್ತು ಹೆದರಿದವರು ಗಂಡಸರು. ನಾವು ಹೆದರಲಿಲ್ಲ. ಉಳಿದದ್ದೆಲ್ಲ ಆಮೇಲೆ ಅವರು ಕಟ್ಟಿದ ಕಥೆ.

ಯುದ್ಧ ನಡೆದಿದ್ದ ಕಾಲ. ಹಿರೇಕೆರೂರಿನ ಸಂತೆಯ ದಿನ ಖಾಲಿ ಹತ್ತಿ ಗೋದಾಮಿನ ಬಾಗಿಲು ಮುಚ್ಚಿ ಮಧ್ಯಾಹ್ನದ ಸಿನಿಮಾ ಇಟ್ಟಿದ್ದರು. ನಡುವೆ ಬಿಳಿ ಬಟ್ಟೆಯ ಪರದೆ; ಮುಂದೆ ಗಂಡಸರು, ಹಿಂದೆ ಹೆಂಗಸರು. ಚಿತ್ರ ನಮ್ಮ ಕಡೆಗೂ ಮೂಡುತ್ತಿತ್ತು, ಆದರೆ ತಿರುವುಮುರುವು. ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದರು. ಮಾತು ಹಿಂದುಸ್ತಾನಿ, ಅರ್ಧ ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು: ಗಂಡ ಹೆಂಡತಿಯನ್ನು ಬಾವಿಗೆ ನೂಕಿದ, ಅವಳು ದೆವ್ವವಾಗಿ ಎದ್ದು ಬಂದಳು.

ಒದ್ದೆ ಕೂದಲು ಬಿಟ್ಟುಕೊಂಡು ಅವಳು ಬಂದಾಗ, ತಮ್ಮ ಮೈಮೇಲೆಯೇ ಬಂದಂತೆ ಗಂಡಸರು ಚೀರಿದರು. ನಮಗೋ ಅವಳು ನಮ್ಮ ನಡುವಿನಿಂದಲೇ ಎದ್ದು ಹೋದಂತೆ ಕಂಡಳು. ಅವಳ ಗಂಡ ಕಂಬದ ಮರೆಗೆ ನಿಂತಾಗ ನನ್ನ ಮಗ್ಗುಲಲ್ಲಿ ಕೂತಿದ್ದ ಮುದುಕಿ ದೆವ್ವಕ್ಕೆ ದಾರಿ ತೋರಿಸತೊಡಗಿದಳು. "ಬಿಡಬ್ಯಾಡವ್ವಾ ಅವನ್ನ" ಎಂದು ಕೂಗಿದವಳು ಮಾತ್ರ ನಾನೇ. ನನ್ನ ದನಿ ದೊಡ್ಡದು. ಆಚೆ ಕೂತಿದ್ದ ನನ್ನ ಗಂಡನಿಗೂ ಕೇಳಿತು.

ಗಂಡ ಮನೆಗೆ ಬಂದವರೇ ಕಂಬಳಿ ಹೊದ್ದು ಮಲಗಿ ನಡುಗತೊಡಗಿದರು. ಬಾವಿಗೆ ನೂಕಿಸಿಕೊಂಡವಳ ಪರವಾಗಿ ನಾನು ಕೂಗಿದ್ದನ್ನು ತಮ್ಮ ತಾಯಿಗೆ ಹೇಳಿಯೂ ಬಿಟ್ಟರು. ಸೊಸೆಗೆ ಗಾಳಿ ಬಡಿದಿದೆ, ಬೆಳಗಾದರೆ ಮಗ್ಗುಲ ಊರಿನ ದೆವ್ವ ಬಿಡಿಸುವವನ ಹತ್ತಿರ ಒಯ್ಯಬೇಕು ಎಂದು ಅತ್ತೆ ತೀರ್ಮಾನಿಸಿದರು. ಹಿಂದಿನ ವರ್ಷ ಹಿತ್ತಲ ಮನೆಯ ಸೊಸೆಯನ್ನು ಒಯ್ದಿದ್ದರು. ಹುಣಸೆ ಬರಲಿನ ಬಾಸುಂಡೆ ಹೊತ್ತು ಬಂದಳು. ಆಮೇಲೆ ತವರಿಗೆ ಬಿಟ್ಟುಬಂದರು, ಕರೆಯಲು ಯಾರೂ ಹೋಗಲಿಲ್ಲ. ನನ್ನ ತವರಿನಲ್ಲಿ ಇನ್ನೊಂದು ಹೊಟ್ಟೆಗೆ ರೊಟ್ಟಿ ಇರಲಿಲ್ಲ.

"ಅತ್ತಿ, ನಡಗಾಕತ್ತಿದವರು ಯಾರ್ರಿ?" ಎಂದೆ.

"ಅಂವಾ ನಡಗೋದು ನಿನ್ನ ಸಲುವಾಗಿ. ನೀ ದೆವ್ವದ ಕಡೆ ಆದಿ."

"ಹೂನ್ರಿ, ಆಗೇನಿ. ನೀವು ಬಂದಿದ್ರ ಯಾರ ಕಡೆ ಆಗತಿದ್ರಿ?"

ಅತ್ತೆ ಒಲೆಯ ಬೂದಿ ಕೆದಕುತ್ತ ಕೂತರು. ಬಾವಿಗೆ ನೂಕುವಂಥದ್ದು ಸಿನಿಮಾದವಳು ಏನು ಮಾಡಿದ್ದಳು ಎಂದು ಕೇಳಿದರು. ಏನೂ ಮಾಡಿರಲಿಲ್ಲ ಎಂದೆ. ಕಡೆಗೆ ಅವನಿಗೇನಾಯಿತು ಎಂದರು. ಅವನೂ ಅದೇ ಬಾವಿಗೆ ಬಿದ್ದ ಎಂದೆ.

"ಹಂಗ ಆಗಬೇಕು," ಎಂದು ಅತ್ತೆ ಕಂಬಳಿಯ ಕಡೆ ನೋಡಿದರು. "ಮುಂಜಾನೆ ಇವನ್ನ ಕರಕೊಂಡು ಹೋಗು."

ಮರುದಿನ ಬೆಳಿಗ್ಗೆ ತೆಂಗಿನಕಾಯಿ, ನಿಂಬೆಹಣ್ಣು ಕಟ್ಟಿಕೊಂಡು ಗಂಡನನ್ನು ಮುಂದೆ ಬಿಟ್ಟುಕೊಂಡು ಹೊರಟೆ. ದೆವ್ವ ಬಿಡಿಸುವವನು ನನ್ನನ್ನು ನೋಡಿ ಕೂರಲು ಹೇಳಿದ. ನಾನು ಗಂಡನನ್ನು ಕೂರಿಸಿದೆ.